ಹನಿ ಲೆಕ್ಕದ ಗಾಲಕ್ಕ

ಹೊರಗೆ ಬೆಳಕು ಹರಿಯಲೋ ಬೇಡವೋ ಎಂದು ಯೋಚಿಸುತ್ತಿರುವ ಹೊತ್ತು. ಆಸ್ಪತ್ರೆಯ ನೆಲಮಹಡಿಯಲ್ಲಿ ಲಿಫ್ಟಿನ ಪಕ್ಕದ ಮೂಲೆ. ಅಲ್ಲೊಬ್ಬ ಹೆಂಗಸು ಮೊಣಕಾಲೂರಿ ಕುಳಿತಿದ್ದಾರೆ. ಎದುರಿಗೆ ಗಾಲಿಕುರ್ಚಿಯೊಂದು ಕಾಲು ಮೇಲೆ ಮಾಡಿ ಮಲಗಿದೆ. ಹೆಂಗಸಿನ ಕೈಯಲ್ಲಿ ಹಳೆಯ ಕತ್ತರಿ. ಕುರ್ಚಿಯ ಮುಂದಿನ ಪುಟ್ಟ ಚಕ್ರಕ್ಕೆ ಸುತ್ತಿಕೊಂಡ ಕೂದಲನ್ನು ಬಿಡಿಸುತ್ತಾ, ಹಲ್ಲುನೋವಿನವರಿಗೆ ಮದ್ದು ಹೇಳುವಷ್ಟು ಗಂಭೀರವಾಗಿ ಏನನ್ನೋ ಗೊಣಗುತ್ತಿದ್ದಾರೆ.

"ಬೇಕಾದ್ದು ಮೇಲೆ, ಇರೋದು ಕೆಳಗೆ. ಎಷ್ಟರಲ್ಲಿದೆಯೋ ಅದರಿಂದ ಗುಣಿಸು. ಬೇಕಾದ್ದು ಮೇಲೆ, ಇರೋದು ಕೆಳಗೆ..."

ಹತ್ತಿರ ಹೋದರೆ ತಲೆಯೆತ್ತಿ ನಗುತ್ತಾರೆ. "ಕೂದಲು, ದಾರ, ಬ್ಯಾಂಡೇಜಿನ ಎಳೆ. ಊರೋರ ಕಷ್ಟ ಎಲ್ಲ ಬಂದು ಈ ಚಕ್ರಕ್ಕೇ ಸುತ್ಕೊಂಡಿರುತ್ತೆ ನೋಡಿ. ಬೆಳಗ್ಗೆ ಬಿಡಿಸ್ಲಿಲ್ಲ ಅಂದ್ರೆ ಮಧ್ಯಾಹ್ನ ಕುರ್ಚಿ ನಾನು ಹೇಳಿದ ಕಡೆ ಹೋಗಲ್ಲ, ಅದಕ್ಕೆ ಬೇಕಾದ ಕಡೆ ಹೋಗುತ್ತೆ."

ಇವರೇ ಗಾಲಕ್ಕ. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿದೆಯಂತೆ, ಆದರೆ ಆ ಹೆಸರಿನಿಂದ ಕರೆದರೆ ತಾವೇ ಹಿಂದೆ ತಿರುಗಿ ಯಾರನ್ನು ಕರೆದರೋ ಎಂದು ನೋಡುತ್ತಾರೆ. ವಾರ್ಡಿನಿಂದ ಎಕ್ಸ್‌ರೇಗೆ, ಎಕ್ಸ್‌ರೇಯಿಂದ ಆಪರೇಷನ್ ಥಿಯೇಟರಿಗೆ, ಅಲ್ಲಿಂದ ಮತ್ತೆ ವಾರ್ಡಿಗೆ ಗಾಲಿಕುರ್ಚಿ ಮತ್ತು ಸ್ಟ್ರೆಚರ್ ತಳ್ಳುವುದು ಇವರ ಕೆಲಸ. ಕಾಲಿಗೆ ಚಕ್ರ ಕಟ್ಟಿಕೊಂಡವರು ಎಂದು ಬೇರೆಯವರನ್ನು ಮಾತಿಗೆ ಹೇಳುತ್ತೇವೆ, ಇವರ ವಿಷಯದಲ್ಲಿ ಅದು ಬರೀ ಮಾತಲ್ಲ. ಸಾಧಾರಣ ದಿನ ನಲವತ್ತು ಸಲ ಮೇಲೆ ಕೆಳಗೆ ಓಡಾಟ. ಸೋಮವಾರವಾದರೆ ಅದಕ್ಕೂ ಹೆಚ್ಚು. "ಭಾನುವಾರ ಸುಮ್ನಿದ್ದ ನೋವೆಲ್ಲ ಸೋಮವಾರ ಎದ್ದು ಬರುತ್ತೆ" ಅನ್ನುವುದು ಅವರ ಅನುಭವ. ಗಂಡ ಬಸ್ ಡಿಪೋದಲ್ಲಿ ಟಯರ್ ಬದಲಿಸುತ್ತಾರೆ. "ನಮ್ಮನೇಲಿ ಅನ್ನ ಹಾಕೋದೇ ಗಾಲಿ. ನಮ್ಮತ್ತೆ ಒಬ್ರೇ ಕೂತಲ್ಲಿಂದ ಏಳಲ್ಲ, ಅವರು ಬ್ರೇಕು."

ಇಂಥ ಗಾಲಕ್ಕ ಈಗ ನರ್ಸ್ ಆಗಲು ಹೊರಟಿದ್ದಾರೆ. ಆಸ್ಪತ್ರೆಗೆ ಸೇರಿದ ನರ್ಸಿಂಗ್ ಶಾಲೆಯಲ್ಲಿ ಇಲ್ಲಿಯ ಕೆಲಸಗಾರರಿಗೆಂದೇ ಒಂದು ಸೀಟು ಇದೆ. ದುಡಿಯುತ್ತಲೇ ಹನ್ನೆರಡನೇ ತರಗತಿಯನ್ನು ಖಾಸಗಿಯಾಗಿ ಕಟ್ಟಿ ಪಾಸು ಮಾಡಿಕೊಂಡಿದ್ದಾರೆ. ಸಂದರ್ಶನದಲ್ಲೂ ಗೆದ್ದಿದ್ದಾರೆ. ಉಳಿದಿರುವುದು ಒಂದೇ ಒಂದು, ಔಷಧಿ ಲೆಕ್ಕದ ಪರೀಕ್ಷೆ. ಯಾವ ರೋಗಿಗೆ ಎಷ್ಟು ಮಾತ್ರೆ, ಸಿರಿಂಜಿಗೆ ಎಷ್ಟು ಎಳೆಯಬೇಕು, ಬಾಟ್ಲಿಯಿಂದ ನಿಮಿಷಕ್ಕೆ ಎಷ್ಟು ಹನಿ ಬಿಡಬೇಕು, ಇಂಥ ಹತ್ತು ಪ್ರಶ್ನೆ; ಚಕ್ರದ ಮುಂದಿನ ಆ ಗೊಣಗಾಟ ಇದರದೇ ಸೂತ್ರ. ಬೇರೆ ಪರೀಕ್ಷೆಯಲ್ಲಾದರೆ ಅರ್ಧ ಬಂದರೂ ದಡ ಸೇರಿಸುತ್ತಾರೆ. ಇಲ್ಲಿ ಹತ್ತಕ್ಕೆ ಹತ್ತೂ ಸರಿಯಾಗಬೇಕು. ಒಂಬತ್ತು ಬಂದರೆ ಫೇಲು.

ಇದ್ಯಾವ ನ್ಯಾಯ ಎಂದು ವಾರ್ಡಿನ ದೊಡ್ಡ ಸಿಸ್ಟರನ್ನು ಕೇಳಿದರೆ ಅವರು ಕನ್ನಡಕದ ಮೇಲಿಂದ ನೋಡುತ್ತಾರೆ. "ಒಂಬತ್ತು ಜನಕ್ಕೆ ಸರಿಯಾಗಿ ಕೊಟ್ಟೆ ಅಂತೀರಿ, ಸಂತೋಷ. ಹತ್ತನೆಯವನು ಏನು ಪಾಪ ಮಾಡಿದ್ದ?"

ಗಾಲಕ್ಕ ಈ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿದ್ದಾರೆ. ಕೊಡುವುದೇ ಮೂರು ಅವಕಾಶ. ಮೂರನೆಯದು ಈ ಶನಿವಾರ, ಅದಕ್ಕಿನ್ನು ನಾಲ್ಕು ದಿನವಿದೆ. ಅದೂ ಹೋದರೆ ಸೀಟು ಬೇರೆಯವರ ಪಾಲು, ಗಾಲಕ್ಕನ ವಯಸ್ಸೂ ಮಿತಿ ದಾಟುತ್ತದೆ. ಆಮೇಲೆ ನಿವೃತ್ತಿಯವರೆಗೂ ಈ ಚಕ್ರ, ಈ ಕತ್ತರಿ.

"ಶಾಲೇಲಿ ಲೆಕ್ಕ ಅಂದ್ರೆ ನಂಗೆ ಕಬ್ಬಿಣದ ಕಡಲೆ" ಎನ್ನುತ್ತಾರೆ ಕುರ್ಚಿಯನ್ನು ಎತ್ತಿ ನಿಲ್ಲಿಸುತ್ತಾ. "ಮಗ್ಗಿ ಹೇಳು ಅಂದ್ರೆ ಏಳರ ತನಕ ಬರ್ತಿದ್ದೆ, ಎಂಟಕ್ಕೆ ಹೊಟ್ಟೆನೋವು ಬರ್ತಿತ್ತು. ನಿಜವಾದ ಹೊಟ್ಟೆನೋವು ಮತ್ತೆ! ಮೇಷ್ಟ್ರಿಗೂ ಅಭ್ಯಾಸ ಆಗಿಹೋಗಿತ್ತು. ಏಳು ಮುಗೀತಿದ್ದ ಹಾಗೆ 'ಹೋಗಮ್ಮ, ನೀರು ಕುಡ್ಕೊಂಡು ಬಾ' ಅಂತ ಅವರೇ ಹೇಳೋರು."

ಹಾಗಿದ್ದವರಿಗೆ ಈ ವಯಸ್ಸಿನಲ್ಲಿ ಲೆಕ್ಕದ ಉಸಾಬರಿ ಯಾಕೆ ಬಂತು? ಅದಕ್ಕೆ ಕಾರಣ ಈ ಲಿಫ್ಟೇ. ಕೆಲವು ವರ್ಷಗಳ ಹಿಂದೆ ಒಬ್ಬ ಅಜ್ಜನನ್ನು ಸ್ಟ್ರೆಚರ್ ಮೇಲೆ ಕರೆದೊಯ್ಯುವಾಗ ಎರಡು ಮಹಡಿಯ ನಡುವೆ ಲಿಫ್ಟು ನಿಂತುಬಿಟ್ಟಿತು. ಒಳಗೆ ಇವರಿಬ್ಬರೇ. ಅಜ್ಜನ ಕೈಗೆ ಡ್ರಿಪ್ ಹಾಕಿದ್ದಾರೆ, ಬಾಟ್ಲಿಯ ತಳದಲ್ಲಿ ಒಂಚೂರು ನೀರು ಉಳಿದಿದೆ, ಟಪಟಪ ಬೀಳುತ್ತಿದೆ. ಮುಗಿಯಲು ಎಷ್ಟು ಹೊತ್ತು ಬೇಕು? ಮುಗಿದರೆ ಏನಾಗುತ್ತದೆ? ಗಾಲಕ್ಕನಿಗೆ ಗೊತ್ತಿಲ್ಲ. ಫೋನು ಹತ್ತಿದ್ದೇ ಪುಣ್ಯ, ದೊಡ್ಡ ಸಿಸ್ಟರ್ ಆ ಕಡೆಯಿಂದ ಕೊಳವೆಯ ಮೇಲಿನ ಪುಟ್ಟ ಗಾಲಿಯನ್ನು ಹೇಗೆ ತಿರುಗಿಸಿ ಮುಚ್ಚಬೇಕೆಂದು ಹೇಳಿಕೊಟ್ಟರು. ಅಜ್ಜನಿಗೆ ಏನೂ ಆಗಲಿಲ್ಲ. ಹೊರಗೆ ಬಂದ ಮೇಲೆ ಅವರೇ ಇವರಿಗೆ ಸಮಾಧಾನ ಹೇಳಿದರಂತೆ, "ನೀನು ನನ್ನ ಜಾಗದಲ್ಲಿ ಮಲಕ್ಕೋ ಮಗಳೇ, ನಾನು ತಳ್ತೀನಿ. ನಿನ್ನ ಮುಖ ನೋಡೋಕಾಗ್ತಿಲ್ಲ" ಅಂತ.

"ಆವತ್ತು ಅನ್ನಿಸ್ತು" ಎನ್ನುತ್ತಾರೆ ಗಾಲಕ್ಕ. "ಆ ಹನಿ ನನ್ನ ಕಣ್ಣೆದುರಿಗೇ ಬೀಳ್ತಿದೆ. ಎಣಿಸೋಕೆ ಬರುತ್ತೆ, ಲೆಕ್ಕ ಹಾಕೋಕೆ ಬರಲ್ಲ. ಇದೆಂಥ ಬದುಕು ಅಂತ."

ಮೊದಲ ಸಲದ ಪರೀಕ್ಷೆಯ ಕಥೆಯನ್ನು ಅವರಿಗಿಂತ ದೊಡ್ಡ ಸಿಸ್ಟರ್ ಚೆನ್ನಾಗಿ ಹೇಳುತ್ತಾರೆ. ರೋಗಿಗೆ ಒಂದು ಗ್ರಾಂ ಔಷಧಿ ಬೇಕು, ಮಾತ್ರೆ ಐನೂರು ಮಿಲಿಗ್ರಾಮಿನದು, ಎಷ್ಟು ಮಾತ್ರೆ ಕೊಡಬೇಕು? ಗ್ರಾಮನ್ನು ಮಿಲಿಗ್ರಾಂ ಮಾಡಿಕೊಳ್ಳುವುದನ್ನು ಮರೆತ ಗಾಲಕ್ಕ, ಮೇಲಿರಬೇಕಾದ್ದನ್ನು ಕೆಳಗೆ, ಕೆಳಗಿರಬೇಕಾದ್ದನ್ನು ಮೇಲೆ ಹಾಕಿ, ಉತ್ತರ ಬರೆದದ್ದು ಐನೂರು ಮಾತ್ರೆ.

"ಕರೆದು ಕೇಳ್ದೆ, ಈ ಐನೂರು ಮಾತ್ರೆ ಯಾರಮ್ಮ ನುಂಗೋರು ಅಂತ. ಏನಂದ್ಲು ಗೊತ್ತಾ? 'ಲೆಕ್ಕ ಮಾಡೋದು ನನ್ನ ಕೆಲಸ, ನುಂಗೋದು ಪೇಶೆಂಟ್ ಕೆಲಸ ಅಂದ್ಕೊಂಡೆ ಸಿಸ್ಟರ್' ಅಂದ್ಲು!" ದೊಡ್ಡ ಸಿಸ್ಟರ್ ಈಗಲೂ ಹೊಟ್ಟೆ ಹಿಡಿದು ನಗುತ್ತಾರೆ.

ನಕ್ಕು ಬಿಟ್ಟುಬಿಡಲಿಲ್ಲ. ಅವತ್ತೇ ಒಂದು ಪದ್ಧತಿ ಹಾಕಿಕೊಟ್ಟರು. ಪೆನ್ನು ಮುಟ್ಟುವ ಮೊದಲು ಬಾಯಿಬಿಟ್ಟು ಅಂದಾಜು ಹೇಳಬೇಕು. ಮಾತ್ರೆಯಾದರೆ ಅಂಗೈ ಮುಂದೆ ಮಾಡಿ ಒಂದೋ, ಎರಡೋ, ಅರ್ಧವೋ ಎಂದು ನೋಡಿಕೊಳ್ಳಬೇಕು. ಸಿರಪ್ಪಾದರೆ ಚಮಚ ನೆನೆಸಿಕೊಳ್ಳಬೇಕು. ಲೆಕ್ಕ ಆಮೇಲೆ. ಲೆಕ್ಕದ ಉತ್ತರ ಅಂಗೈಯಲ್ಲಿ ಹಿಡಿಸದಿದ್ದರೆ ಅದನ್ನು ನಂಬಬಾರದು. ಈಗ ಗಾಲಕ್ಕ ಪ್ರಶ್ನೆ ಕೇಳಿದ ಕೂಡಲೇ ಭಿಕ್ಷೆಗೆ ಒಡ್ಡಿದಂತೆ ಕೈ ಚಾಚುತ್ತಾರೆ. ಕಾರಿಡಾರಿನಲ್ಲಿ ಹೊಸಬರು ನೋಡಿ ಚಿಲ್ಲರೆ ಹುಡುಕಿದ್ದೂ ಉಂಟು.

ಎರಡನೇ ಸಲ ಒಂಬತ್ತು ಸರಿಯಾದವು. ತಪ್ಪಿದ್ದು ಹನಿಯ ಲೆಕ್ಕ. ಐನೂರು ಮಿಲಿಲೀಟರಿನ ಬಾಟ್ಲಿ ನಾಲ್ಕು ಗಂಟೆಯಲ್ಲಿ ಮುಗಿಯಬೇಕು, ಇಪ್ಪತ್ತು ಹನಿಗೆ ಒಂದು ಮಿಲಿಲೀಟರ್. ನಿಮಿಷಕ್ಕೆ ಎಷ್ಟು ಹನಿ? ಹಾಳೆಯ ಮೇಲೆ ಗುಣಾಕಾರ ಸರಿ, ಭಾಗಾಕಾರ ಸರಿ, ನಲವತ್ತೊಂದೂವರೆ ದಾಟಿ ಒಂಚೂರು ಎಂದು ಸರಿಯಾಗಿಯೇ ಬಂದಿದೆ. ಹನಿಯನ್ನು ಮುರಿಯಲಾಗದು, ಹತ್ತಿರದ ಪೂರ್ಣಸಂಖ್ಯೆ ನಲವತ್ತೆರಡು. ಗಾಲಕ್ಕ ಅದರ ಕೆಳಗೆ ಗುಂಡಗೆ ಬರೆದದ್ದು ನಲವತ್ತು.

"ಬೇಕಂತಲೇ ಬರೆದೆ" ಎಂದು ಒಪ್ಪಿಕೊಳ್ಳುತ್ತಾರೆ. "ನಮ್ಮತ್ತೆ ಕಲಿಸಿದ್ದು. ಅಡುಗೆಗೆ ಉಪ್ಪು ಹಾಕುವಾಗ ಕೈ ಹಿಡಿದು ಹಾಕು. ಕಮ್ಮಿ ಆದ್ರೆ ಆಮೇಲೆ ಹಾಕ್ಬಹುದು, ಜಾಸ್ತಿ ಆದ್ರೆ ತೆಗೆಯೋಕಾಗುತ್ತಾ? ಔಷಧೀನೂ ಹಾಗೇ ಅಂದ್ಕೊಂಡೆ. ಯಾರ ಜೀವಾನೋ, ನಮ್ಮ ಕೈಯಿಂದ ಜಾಸ್ತಿ ಆಗೋದು ಬೇಡ ಅಂತ."

ದೊಡ್ಡ ಸಿಸ್ಟರ್ ಅದಕ್ಕೂ ಉತ್ತರ ಕೊಟ್ಟಿದ್ದರು. "ಉಪ್ಪು ಕಮ್ಮಿ ಆದ್ರೆ ಊಟಕ್ಕೆ ಕೂತೋನು ಕೇಳ್ತಾನೆ. ಎಚ್ಚರ ಇಲ್ದೆ ಮಲಗಿರೋನು ಯಾರನ್ನ ಕೇಳ್ಬೇಕು? ಕಮ್ಮಿ ಕೊಟ್ರೂ ತಪ್ಪೇ."

ಮಾತು ತಲೆಗೆ ಹತ್ತಿತು. ಆದರೆ ಕೈಗೆ ಹತ್ತಲಿಲ್ಲ.

ಅದನ್ನು ಕಣ್ಣಾರೆ ನೋಡಬೇಕೆಂದರೆ ಸಂಜೆ ಅವರ ಮನೆಗೆ ಹೋಗಬೇಕು. ಎರಡು ಕೋಣೆಯ ಮನೆ, ಮೂರನೇ ಮಹಡಿ, ಇಲ್ಲಿ ಲಿಫ್ಟಿಲ್ಲ. ಅಡುಗೆಮನೆಯ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕುಳಿತಿರುವವಳು ಒಂಬತ್ತನೇ ತರಗತಿಯ ಮಗಳು. ಕೆಳಗೆ ನಿಂತು ಪಾತ್ರೆ ತೊಳೆಯುತ್ತಿರುವವರು ವಿದ್ಯಾರ್ಥಿನಿ. ಈ ಮನೆಯಲ್ಲಿ ಸದ್ಯಕ್ಕೆ ಯಾರು ಯಾರಿಗೆ ಬೈಯಬೇಕೆಂಬುದು ಅದಲುಬದಲಾಗಿದೆ.

"ಮಗೂಗೆ ಇನ್ನೂರೈವತ್ತು ಮಿಲಿಗ್ರಾಂ ಕೊಡ್ಬೇಕು. ಸಿರಪ್ಪು ಐದು ಎಂಎಲ್‌ಗೆ ನೂರಿಪ್ಪತ್ತೈದು. ಬೇಗ ಹೇಳು."

"ಎರಡು ಚಮಚ ಅಂದಾಜು. ಹತ್ತು ಎಂಎಲ್."

"ಸರಿ. ಐನೂರು ಎಂಎಲ್ ಬಾಟ್ಲಿ, ಮೂರು ಗಂಟೆ. ಇಪ್ಪತ್ತು ಹನಿಗೆ ಒಂದು."

ಸೋಪಿನ ಕೈ ಗಾಳಿಯಲ್ಲಿ ಬರೆಯುತ್ತದೆ, ಅಳಿಸುತ್ತದೆ. "ಐವತ್ತೈದೂವರೆ ಮೇಲೆ ಸ್ವಲ್ಪ ಬರುತ್ತೆ. ಐವತ್ತೈದು."

"ಅಮ್ಮಾ!"

"ಗೊತ್ತು ಕಣೆ, ಐವತ್ತಾರು. ಆದ್ರೂ ಒಂದು ಹನಿ ಕಮ್ಮಿ ಇದ್ರೆ ಉಷಾರು ಅಲ್ವಾ?"

"ಉಷಾರಂತೆ! ಶನಿವಾರ ಆ ಒಂದು ಹನೀಲೇ ಮುಳುಗ್ತೀಯ ನೋಡು."

ಒಳಗಿನ ಕೋಣೆಯಿಂದ ಅತ್ತೆಯ ದನಿ ಬರುತ್ತದೆ. ಅವರಿಗೆ ರಕ್ತದೊತ್ತಡದ ಮಾತ್ರೆ ಕೊಡುವ ಹೊತ್ತಾಗಿದೆ. "ನನ್ನ ಮಾತ್ರೆ ತರೋವಾಗ ಮಾತ್ರ ಲೆಕ್ಕ ಹಾಕ್ಬೇಡ ಮಾರಾಯ್ತಿ. ಡಾಕ್ಟ್ರು ಒಂದು ಅಂದಿದ್ದಾರೆ, ಒಂದೇ ತಾ. ನಾನಿನ್ನೂ ಬದುಕ್ಬೇಕು."

"ಐನೂರು ತರ್ತಿದ್ದೀನಿ ಅತ್ತೆ, ಬಾಯಿ ತೆಗೀರಿ!" ಎನ್ನುತ್ತಾ ಸೊಸೆ ಒಂದೇ ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು ಹೋಗುತ್ತಾರೆ. ಆಚೆಯಿಂದ ಇಬ್ಬರೂ ನಗುವುದು ಕೇಳಿಸುತ್ತದೆ. ಕಟ್ಟೆಯ ಮೇಲಿನ ಮೇಡಂ ಮಾತ್ರ ನಗುವುದಿಲ್ಲ. "ಅಮ್ಮನಿಗೆ ಲೆಕ್ಕ ಬರುತ್ತೆ" ಎನ್ನುತ್ತಾಳೆ ಮೆಲ್ಲಗೆ, ಅಮ್ಮನಿಗೆ ಕೇಳಿಸದ ಹಾಗೆ. "ಹೆದರಿಕೇನೇ ಹೋಗಲ್ಲ."

ಹೆದರಿಕೆಗೆ ಮದ್ದು ಸಿಕ್ಕಿದ್ದು ಮಾರನೇ ದಿನ, ಯಾರೂ ಊಹಿಸದ ಕಡೆ. ಎರಡನೇ ಮಹಡಿಯ ವಾರ್ಡಿನಲ್ಲಿ ಕಾಲು ಮುರಿದುಕೊಂಡ ಲಾರಿ ಡ್ರೈವರ್ ಒಬ್ಬರಿದ್ದಾರೆ. ತೊಡೆಯವರೆಗೆ ಪ್ಲಾಸ್ಟರು, ಮೇಲೆ ಬಾಯಿ. ದಿನವೂ ಅವರನ್ನು ವ್ಯಾಯಾಮದ ಕೋಣೆಗೆ ಒಯ್ಯುವುದು ಗಾಲಕ್ಕನೇ. ಕೋಣೆಯ ಮುಂದೆ ಸರದಿಗೆ ಕಾಯುವಾಗ ಗಾಲಕ್ಕನ ಗೊಣಗಾಟ ಶುರುವಾಗುತ್ತದೆ.

"ಏನಕ್ಕಾ ಅದು, ನನ್ನ ಬೈತಿದ್ದೀಯಾ?"

"ನಿಮ್ಮನ್ಯಾಕಣ್ಣ ಬೈಲಿ. ಹನಿ ಲೆಕ್ಕ. ಬಾಟ್ಲಿ ಇಷ್ಟು, ಗಂಟೆ ಇಷ್ಟು, ನಿಮಿಷಕ್ಕೆ ಎಷ್ಟು ಹನಿ ಅಂತ."

ಡ್ರೈವರಣ್ಣ ಕುರ್ಚಿಯಲ್ಲೇ ಹಿಂದಕ್ಕೆ ತಿರುಗುತ್ತಾರೆ. "ಅಯ್ಯೋ ಇದು ನಮ್ಮ ಲಾರಿ ಲೆಕ್ಕಾನೇ! ಎಷ್ಟು ದೂರ, ಎಷ್ಟು ಹೊತ್ತು, ಎಷ್ಟು ಸ್ಪೀಡು. ಬಾಟ್ಲಿ ಅಂದ್ರೆ ದಾರಿ. ಗಂಟೆ ಗಂಟೇನೇ. ಹನಿ ಅಂದ್ರೆ ಚಕ್ರ ಅನ್ಕೋ. ಇಪ್ಪತ್ತು ಸುತ್ತು ತಿರುಗಿದ್ರೆ ಒಂದು ಎಂಎಲ್ ದೂರ ಹೋಯ್ತು."

ಚಕ್ರ ಎಂದದ್ದೇ ತಡ, ಗಾಲಕ್ಕನ ಮುಖ ಅರಳುತ್ತದೆ. ಕುರ್ಚಿಯ ಮುಂದೆ ಬಂದು ಕುಕ್ಕರಗಾಲಲ್ಲಿ ಕೂರುತ್ತಾರೆ. "ಐನೂರು ಎಂಎಲ್, ನಾಲ್ಕು ಗಂಟೆ... ನಲವತ್ತೊಂದೂವರೆ ದಾಟುತ್ತಣ್ಣ. ನಾನು ನಲವತ್ತೇ ಬಿಡೋದು."

"ಯಾಕೆ ಕಮ್ಮಿ?"

"ಉಷಾರಿಗೆ."

ಡ್ರೈವರಣ್ಣ ಪ್ಲಾಸ್ಟರಿನ ಮೇಲೆ ಬೆರಳು ಕುಟ್ಟುತ್ತಾರೆ. "ನೋಡಕ್ಕ, ನಾನು ಮೀನಿನ ಲಾರಿ ಓಡಿಸೋನು. ಐಸ್ ಹಾಕಿ ಲೋಡ್ ಮಾಡಿರ್ತಾರೆ. ಜೋರಾಗಿ ಓಡಿಸಿದ್ರೆ ಗುಂಡಿಗೆ ಬೀಳ್ತೀನಿ, ಒಪ್ಪಿದೆ. ಉಷಾರು ಉಷಾರು ಅಂತ ನಿಧಾನ ಓಡಿಸಿದ್ರೆ? ಐಸು ಕರಗುತ್ತೆ. ಮಾರ್ಕೆಟ್‌ಗೆ ನಾನು ಬರೋ ಮುಂಚೇನೇ ನಾತ ಬಂದಿರುತ್ತೆ. 'ಪಾಪ, ಡ್ರೈವರು ತುಂಬ ಉಷಾರು' ಅಂತ ಮೀನು ಕೊಳೀದೆ ಕಾಯುತ್ತಾ? ಹೇಳಿದ ಹೊತ್ತಿಗೆ ತಲುಪಬೇಕು. ಅದೇ ಉಷಾರು. ಮಿಕ್ಕಿದ್ದೆಲ್ಲ ಹೆದರಿಕೆ."

ಗಾಲಕ್ಕ ಕುಳಿತಲ್ಲಿಂದ ಏಳುವುದಿಲ್ಲ. ಸರದಿ ಬಂತೆಂದು ಒಳಗಿನಿಂದ ಕೂಗುತ್ತಾರೆ, ಅದೂ ಕೇಳಿಸುವುದಿಲ್ಲ. ಆಮೇಲೆ ಮೆಲ್ಲಗೆ ಕೇಳುತ್ತಾರೆ, "ಅಷ್ಟು ಲೆಕ್ಕ ಗೊತ್ತಿರೋರು ಲಾರಿಯಿಂದ ಹೇಗಣ್ಣ ಬಿದ್ರಿ?"

"ಲಾರಿಯಿಂದ ಯಾರು ಬಿದ್ರು? ಮನೆ ಮೆಟ್ಟಿಲಿಂದ ಬಿದ್ದೆ. ತುಂಬ ಉಷಾರಾಗಿ ಇಳೀತಿದ್ದೆ!"

ಕಾರಿಡಾರಿನಲ್ಲಿ ಕುಳಿತ ಸೊಂಟನೋವು, ಕುತ್ತಿಗೆನೋವು, ಮಂಡಿನೋವುಗಳೆಲ್ಲ ಒಟ್ಟಿಗೇ ನಗುತ್ತವೆ. ಉಳಿದ ಎರಡು ದಿನ ಗಾಲಕ್ಕನಿಗೆ ಬಿಡುವೇ ಇಲ್ಲ. ಸುದ್ದಿ ವಾರ್ಡುಗಳಿಗೆಲ್ಲ ಹಬ್ಬಿ, ಕುರ್ಚಿ ಹತ್ತಿದವರೆಲ್ಲ ಒಂದೊಂದು ಲೆಕ್ಕ ಕೊಡುತ್ತಾರೆ. ಹೆರಿಗೆಗೆ ಬಂದ ಒಬ್ಬಾಕೆ ನೋವಿನ ನಡುವೆ ಹಲ್ಲು ಕಚ್ಚಿಕೊಂಡು, "ಬೇಗ ತಳ್ಳಕ್ಕ, ಲೆಕ್ಕ ವಾಪಸ್ ಬರುವಾಗ ಕೇಳ್ತೀನಿ" ಎಂದಿದ್ದಾಳೆ. ಮಾತಿಗೆ ತಪ್ಪಲಿಲ್ಲವಂತೆ, ಮಗುವನ್ನು ಎದೆಗವಚಿಕೊಂಡು ಬರುತ್ತಾ ಕೇಳಿದಳಂತೆ.

ಶನಿವಾರ. ನರ್ಸಿಂಗ್ ಶಾಲೆಯ ಉದ್ದನೆಯ ಕೋಣೆ, ಕಿಟಕಿಗಳಿಗೆ ಹಸಿರು ಪರದೆ. ಪರೀಕ್ಷೆಗೆ ಕುಳಿತವರಲ್ಲಿ ಹೆಚ್ಚಿನವರು ಗಾಲಕ್ಕನ ಮಗಳಿಗಿಂತ ಮೂರು ನಾಲ್ಕು ವರ್ಷ ದೊಡ್ಡವರು, ಅಷ್ಟೆ. ಹೊರಗಿನ ಬೆಂಚಿನಲ್ಲಿ ಮಗಳು ಕುಳಿತಿದ್ದಾಳೆ, ಉಗುರು ಒಂದೂ ಉಳಿದಿಲ್ಲ. ಹಾಳೆಗಳನ್ನು ಅಲ್ಲೇ ತಿದ್ದಿ, ಒಬ್ಬೊಬ್ಬರನ್ನೇ ಕರೆದು ಹೇಳುವುದು ಇಲ್ಲಿಯ ರೂಢಿ. ತಿದ್ದುವವರು ಬೇರೆ ಶಾಲೆಯಿಂದ ಬಂದ ಮೇಡಂ, ಮುಖದಲ್ಲಿ ನಗುವಿನ ಗೆರೆಯೂ ಇಲ್ಲ.

ಒಳಗೆ ನಡೆದದ್ದನ್ನು ಗಾಲಕ್ಕನ ಬಾಯಲ್ಲೇ ಕೇಳಬೇಕು. "ಎಂಟು ಲೆಕ್ಕ ಸಲೀಸು. ಒಂಬತ್ತನೇದು ಹನಿ. ಸಾವಿರ ಎಂಎಲ್, ಆರು ಗಂಟೆ. ಐವತ್ತೈದೂವರೆ ಮೇಲೆ ಚೂರು ಬಂತು. ಈ ಕೈ ಇದೆಯಲ್ಲ, ಇದು ನನ್ನ ಕೇಳದೇನೇ ಐವತ್ತೈದು ಅಂತ ಬರೆದುಬಿಡ್ತು! ನೋಡ್ತಾ ಕೂತೆ. ಅಲ್ಲೊಬ್ಬ ಮನುಷ್ಯ ಮಲಗಿದ್ದಾನೆ ಅಂದ್ಕೊಂಡೆ. ಅವನಿಗೆ ಹೊತ್ತಿಗೆ ಸರಿಯಾಗಿ ತಲುಪಬೇಕು, ನನ್ನ ಹೆದರಿಕೆ ಕಟ್ಕೊಂಡು ಅವನಿಗೇನು? ಹೊಡೆದುಹಾಕಿ ಐವತ್ತಾರು ಬರೆದೆ."

ಹೆಸರು ಕರೆದಾಗ ಎಂದಿನಂತೆ ಹಿಂದೆ ತಿರುಗಿ ನೋಡಿ, ತಮ್ಮನ್ನೇ ಎಂದು ಗೊತ್ತಾಗಿ ಎದ್ದು ಹೋದರು. ಮೇಡಂ ಹಾಳೆಯ ಮೇಲೆ ಬೆರಳಿಟ್ಟು ಕೇಳಿದರು, "ಇಲ್ಲಿ ಹೊಡೆದುಹಾಕಿದ್ದೀರಿ. ಯಾಕೆ?"

ಗಾಲಕ್ಕನ ಬಾಯಿಂದ ಬಂದದ್ದು ಒಂದೇ ಮಾತು.

"ಐಸ್ ಕರಗುತ್ತೆ ಮೇಡಂ."

"ಏನು?"

ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ ಎಂದು ಗಾಲಕ್ಕ ಉಪ್ಪಿನಿಂದ ಶುರುಮಾಡಿ ಮೀನಿನವರೆಗೂ ಎಲ್ಲವನ್ನೂ ಹೇಳಿದರು. ಹಿಂದೆ ಸರದಿಯಲ್ಲಿದ್ದ ಹುಡುಗಿಯರು ಕತ್ತು ಚಾಚಿ ಕೇಳಿದರು. ಮೇಡಂ ಪೂರ್ತಿ ಕೇಳಿಸಿಕೊಂಡರು. ಹತ್ತನೆಯ ಉತ್ತರವನ್ನೂ ನೋಡಿದರು. ಹಾಳೆಯ ತಲೆಯ ಮೇಲೆ ಏನೋ ಬರೆದು, ಅದನ್ನು ಗಾಲಕ್ಕನ ಕಡೆಗೆ ತಿರುಗಿಸಿಟ್ಟರು.

"ಮೀನು ತಲುಪಿದೆ. ಹತ್ತಕ್ಕೆ ಹತ್ತು."

ಆಮೇಲಿನದನ್ನು ಬೆಂಚಿನ ಮೇಲಿದ್ದ ಮಗಳು ಹೇಳಬೇಕು. ಬಾಗಿಲು ತೆರೆದು ಬಂದ ಅಮ್ಮ ಎರಡೂ ಕೈ ಮುಂದೆ ಚಾಚಿ, ಹತ್ತು ಬೆರಳನ್ನೂ ಅಗಲಿಸಿ ನಿಂತರಂತೆ. "ನಾನು ಎಷ್ಟು ಕಿರುಚಿದೆ ಅಂದ್ರೆ ವಾಚ್‌ಮನ್ ಅಂಕಲ್ ಓಡಿಬಂದ್ರು" ಎನ್ನುತ್ತಾಳೆ. ಸುದ್ದಿ ಕೇಳಿ ದೊಡ್ಡ ಸಿಸ್ಟರ್ ಕನ್ನಡಕ ತೆಗೆದು ಒರೆಸಿದ್ದೇ ಒರೆಸಿದ್ದು. ಡ್ರೈವರಣ್ಣ ಪ್ಲಾಸ್ಟರ್ ಮೇಲೆ ಗಾಲಕ್ಕನಿಂದ ರುಜು ಹಾಕಿಸಿಕೊಂಡಿದ್ದಾರೆ, ಬಂದವರಿಗೆಲ್ಲ "ನನ್ನ ಸ್ಟೂಡೆಂಟು" ಎಂದು ತೋರಿಸುತ್ತಾರೆ. ಅತ್ತೆ ಮಾತ್ರ ಕೊಂಚ ಅನುಮಾನದಲ್ಲೇ ಇದ್ದಾರೆ. "ಪಾಸಾದ್ಲು, ಸಂತೋಷ. ಹಾಗಂತ ಅಡುಗೆಗೆ ಉಪ್ಪು ಜಾಸ್ತಿ ಹಾಕಿದ್ರೆ ನಾನು ಸುಮ್ನಿರಲ್ಲ."

ತರಗತಿಗಳು ಮುಂದಿನ ತಿಂಗಳು ಶುರು. ಅಲ್ಲಿಯವರೆಗೆ ಕೆಲಸ ಕೆಲಸವೇ. ಸೋಮವಾರ ಮಧ್ಯಾಹ್ನ ಆಸ್ಪತ್ರೆಯ ಕ್ಯಾಂಟೀನಿನಲ್ಲಿ, ಚಪ್ಪಲಿ ಕಳಚಿ, ಊದಿದ ಕಾಲನ್ನು ಎದುರಿನ ಸ್ಟೂಲಿನ ಮೇಲಿಟ್ಟು ಗಾಲಕ್ಕ ಟೀ ಆರಿಸುತ್ತಿದ್ದಾರೆ. ಪಕ್ಕದಲ್ಲಿ ಕ್ಯಾಂಟೀನಿನವನು ಸುಮ್ಮನೆ ಕೊಟ್ಟ ಎರಡು ಬಿಸ್ಕತ್ತು. ಇನ್ನು ಮೂರು ವರ್ಷ ಓದು, ಇದಕ್ಕಿಂತ ದೊಡ್ಡ ಲೆಕ್ಕಗಳು ಬರುತ್ತವಲ್ಲ, ಹೆದರಿಕೆ ಇಲ್ಲವೇ ಎಂದು ಕೇಳಿದರೆ ಬಿಸ್ಕತ್ತು ಟೀಗೆ ಅದ್ದುತ್ತಾ ಯೋಚಿಸುತ್ತಾರೆ.

"ಇದೆ. ಇರ್ಲಿ ಬಿಡಿ. ಆದ್ರೆ ನಂಗೊಂದು ಆಸೆ. ಈ ಮೂರು ವರ್ಷ ನಂಗೆ ತಪ್ಪು ಮಾಡೋಕೆ ಜಾಗ ಕೊಟ್ಟಿದ್ದಾರೆ, ಹಾಳೆ ಮೇಲೆ. ನನ್ನೊಳಗೆ ಎಷ್ಟು ತಪ್ಪಿದೆಯೋ ಅಷ್ಟನ್ನೂ ಅಲ್ಲೇ ಮಾಡಿ ಮುಗಿಸ್ಬಿಡ್ಬೇಕು. ಆಮೇಲೆ ಒಬ್ರ ಮಂಚದ ಹತ್ರ ಹೋಗಿ ನಿಂತಾಗ, ಒಂದೂ ಉಳಿದಿರಬಾರದು."